ಗಾಜಿನ ಪಾಠ ಹೇಳುವವಳು ಮಣಿ ಮಾಡಲು ಕೂತದ್ದು

ಹೊನ್ನಾಳಿಯಲ್ಲಿ ಎರಡು ದಿನದ ಶಿಕ್ಷಕರ ತರಬೇತಿ ಮುಗಿಸಿಕೊಂಡು ಚನ್ನಗಿರಿಗೆ ಹೊರಟಿದ್ದೆ. ಬಸ್ಸು ಊರು ದಾಟುವ ಮೊದಲೇ ನನ್ನ ಕರಿಮಣಿ ಸರ ಹರಿಯಿತು. ಪಕ್ಕದಲ್ಲಿ ಒರಗಿ ನಿಂತಿದ್ದವರ ಚೀಲದ ಜಿಪ್ಪಿಗೆ ಸರ ಸಿಕ್ಕಿಕೊಂಡಿದ್ದನ್ನು ನೋಡದೆ ನಾನು ಕಿಟಕಿ ಎಳೆಯಲು ಎದ್ದೆ, ಅಷ್ಟೆ. ತಾಳಿ, ಗುಂಡು ಮಡಿಲಿಗೆ ಬಿದ್ದವು. ಕರಿಮಣಿಗಳು ಮಾತ್ರ ಸೀಟಿನ ಕೆಳಗೆ, ಡ್ರೈವರಿನ ಕಡೆಗೆ, ಒಂದಿಷ್ಟು ಮೆಟ್ಟಿಲಿಳಿದು ರಸ್ತೆಗೆ, ತಮಗೆ ಬೇಕಾದ ಕಡೆ ಹೋದವು.

ಮನೆಯಲ್ಲಿ ಅತ್ತೆ ಇದ್ದಾರೆ. ಸರ ಹರಿದದ್ದಕ್ಕಿಂತ ಅವರಿಗೆ ಹೇಗೆ ಹೇಳುವುದೆಂಬುದೇ ನನಗೆ ದೊಡ್ಡದಾಗಿ ಕಂಡಿತು. ಹಾಗಾಗಿ ಇಡೀ ಬಸ್ಸಿನೆದುರು, ಆಗಷ್ಟೇ ತರಬೇತಿಯಲ್ಲಿ ನನ್ನ ಭಾಷಣ ಕೇಳಿಬಂದಿದ್ದ ನಾಲ್ಕೈದು ಸಹೋದ್ಯೋಗಿಗಳ ಎದುರು, ಚಪ್ಪಲಿ ಬಿಟ್ಟು ಸೀಟಿನ ಕೆಳಗೆ ನುಸುಳಿದೆ. ಕಂಡಕ್ಟರು ಒಳ್ಳೆಯವನು. "ಯಾರೂ ಕಾಲು ಅಲ್ಲಾಡಿಸಬ್ಯಾಡ್ರಿ, ಮೇಡಮ್ಮಾರ ಕರಿಮಣಿ ಬಿದ್ದಾವೆ" ಎಂದು ಹಿಂದಿನವರಿಗೂ ಕೇಳುವಂತೆ ಸಾರಿದ.

ನನ್ನ ಹಿಂದಿನ ಸೀಟಿನಲ್ಲಿದ್ದ ಒಬ್ಬ ಹೆಂಗಸು ಕೂತಲ್ಲಿಂದಲೇ ಬಗ್ಗಿ ಒಂದು ಹಿಡಿ ಆರಿಸಿಕೊಟ್ಟರು. ಅರವತ್ತರ ಆಸುಪಾಸು. ಮುಂಗೈ ತುಂಬ ಎಳ್ಳು ಚೆಲ್ಲಿದಂತೆ ಸಣ್ಣ ಸಣ್ಣ ಸುಟ್ಟ ಗುರುತು. ಕೊಡುವ ಮೊದಲು ಒಂದು ಮಣಿಯನ್ನು ಹಲ್ಲಿಗೆ ತಾಗಿಸಿ ನೋಡಿದರು. ಇನ್ನೊಂದನ್ನೂ ನೋಡಿದರು. ಆಮೇಲೆ ಪಕ್ಕದವರಿಗೆ ಕೇಳದಂತೆ ನನ್ನ ಕಡೆ ಬಾಗಿ, "ಮೇಡಮ್ಮಾರೆ, ಇವು ಗಾಜಲ್ಲ. ಪ್ಲಾಸ್ಟಿಕ್ಕು" ಎಂದರು.

"ಇಲ್ಲ ಬಿಡಿ, ಗಾಜೇ. ನಾನೇ ಪರೀಕ್ಷೆ ಮಾಡಿ ತಗೊಂಡಿದ್ದು."

"ಹೆಂಗೆ ಮಾಡಿದ್ರಿ?"

ಹೇಗೆ ಮಾಡಿದೆನೆಂದು ಹೇಳಲು ನಾಚಿಕೆಯಾಯಿತು. ಮೂರು ವರ್ಷದ ಹಿಂದೆ ಹಳೆಯ ಸರ ಸವೆದಿದ್ದಕ್ಕೆ ಹೊಸ ಮಣಿ ಕೊಳ್ಳಲು ಹೋದಾಗ, ಮಣಿಯನ್ನು ಬೆಳಕಿಗೆ ಹಿಡಿದು ಅಂಗಡಿಯವನಿಗೆ ಬೆಳಕಿನ ವಕ್ರೀಭವನದ ಬಗ್ಗೆ ಹತ್ತು ನಿಮಿಷ ವಿವರಿಸಿದ್ದೆ. ಅವನು ಪೂರ್ತಿ ಕೇಳಿ, ತಲೆಯಾಡಿಸಿ, ಪ್ಲಾಸ್ಟಿಕ್ ಕೊಟ್ಟು ಕಳಿಸಿದ್ದ. ನಾನು ಇಪ್ಪತ್ತಾರು ವರ್ಷದಿಂದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಗಾಜು ಯಾವುದರಿಂದ ಆಗುತ್ತದೆ, ಎಷ್ಟು ಬಿಸಿಗೆ ಕರಗುತ್ತದೆ ಎನ್ನುವುದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಕೊರಳಲ್ಲಿ ಇರುವುದು ಗಾಜೋ ಅಲ್ಲವೋ ಎಂದು ಮಾತ್ರ ಮೂರು ವರ್ಷ ಗೊತ್ತಾಗಲಿಲ್ಲ.

ಆ ಹೆಂಗಸು ತಮ್ಮ ಚೀಲದಿಂದ ಒಂದು ಮಣಿ ತೆಗೆದು ನನ್ನ ಅಂಗೈ ಮೇಲಿಟ್ಟರು. ಕಡುನೀಲಿ, ಬಟಾಣಿಯಷ್ಟು ದೊಡ್ಡದು. "ಕಚ್ಚಿ ನೋಡ್ರಿ. ತಣ್ಣಗೈತೆ ನೋಡ್ರಿ. ಹಲ್ಲಿಗೆ ಟಕ್ ಅಂತೈತೆ. ಪ್ಲಾಸ್ಟಿಕ್ ಹಂಗನ್ನಾಂಗಿಲ್ಲ." ಕಚ್ಚಿದೆ. ಟಕ್ ಎಂದಿತು. ಯಾರು ಮಾಡಿದ್ದೆಂದು ಕೇಳಿದ್ದಕ್ಕೆ, "ನಾವೇರಿ" ಎಂದರು.

ಆ ಅಕ್ಕನ ಪರಿಚಯ ಆದದ್ದು ಹೀಗೆ. ಬಸ್ಸು ಚನ್ನಗಿರಿ ತಲುಪುವ ಹೊತ್ತಿಗೆ ಅವರ ಮನೆತನದ ಕಥೆಯೆಲ್ಲ ತಿಳಿದುಕೊಂಡಿದ್ದೆ. ಅವರದು ಬಳೆಗಾರರ ಮನೆ. ಅವರ ಮಾವ ಬಳೆಯ ಮಲಾರ ಹೊತ್ತು ಊರೂರು ತಿರುಗುವಾಗ ಆಂಧ್ರದ ಕಡೆ ಯಾರದೋ ಮನೆಯಲ್ಲಿ ಮಣಿ ಮಾಡುವುದನ್ನು ನೋಡಿ, ಅಲ್ಲೇ ಒಂದು ಮಳೆಗಾಲ ಉಳಿದು ಕಲಿತು ಬಂದರಂತೆ. ಒಡೆದ ಬಳೆ ಚೂರುಗಳನ್ನು ಇದ್ದಿಲ ಒಲೆಯಲ್ಲಿ ಕರಗಿಸಿ ಎತ್ತಿನ ಕೊರಳಿಗೆ ಕಟ್ಟುವ ಮಣಿ ಮಾಡುತ್ತಿದ್ದರಂತೆ. ಈಗ ಗಂಡಸರೆಲ್ಲ ಬೇರೆ ಕೆಲಸ ಹಿಡಿದಿದ್ದಾರೆ. ಹೊನ್ನಾಳಿಯ ಒಂದು ಓಣಿಯಲ್ಲಿ ಆ ಅಕ್ಕ, ಅವರ ಸೊಸೆ, ಇಬ್ಬರು ಓರಗಿತ್ತಿಯರು, ಒಟ್ಟು ನಾಲ್ಕು ಜನ ಹೆಂಗಸರು ಮಣಿ ಮಾಡುತ್ತಾರೆ. ಗಾಜಿನ ಕಡ್ಡಿ ಉತ್ತರದಿಂದ ಲಾರಿಯಲ್ಲಿ ಬರುತ್ತದೆ, ಉರಿಗೆ ಗ್ಯಾಸ್ ಸಿಲಿಂಡರ್ ಇದೆ.

"ನಾನು ಬಂದು ನೋಡಬಹುದಾ?" ಎಂದೆ.

"ಬರ್ರಿ, ಅದಕ್ಕೇನು" ಎಂದರು. ಪಾಪ, ನೋಡಿ ಹೋಗುತ್ತಾಳೆ ಎಂದುಕೊಂಡಿದ್ದರು.

ಮುಂದಿನ ಭಾನುವಾರ ಹೋದವಳು ಅದರ ಮುಂದಿನ ಭಾನುವಾರವೂ ಹೋದೆ. ಮೂರನೇ ಭಾನುವಾರ, ನನಗೂ ಕಲಿಸಿ ಎಂದು ಕೂತೆ. ಮನೆಯಲ್ಲಿ ಯಜಮಾನರಿಗೆ, "ಒಂದು ಕರಕುಶಲ ಕಲೆ ನಶಿಸಿಹೋಗುತ್ತಿದೆ, ಅದನ್ನು ಉಳಿಸಬೇಕು" ಎಂದು ಹೇಳಿದ್ದೆ. ಅವರು ಪೇಪರಿನಿಂದ ತಲೆಯೆತ್ತದೆ, "ಅವರಿಗೆ ಗೊತ್ತಾ, ನೀನು ಉಳಿಸಾಕೆ ಬರ್ತಿದೀಯ ಅಂತ?" ಎಂದು ಕೇಳಿದರು. ನಾನು ಬಸ್ಸಿಗೆ ಹೊತ್ತಾಯಿತೆಂದು ಚೀಲ ಎತ್ತಿಕೊಂಡೆ.

ಕೆಲಸ ನಡೆಯುವುದು ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ. ಒಂದು ಉದ್ದನೆಯ ಮೇಜು, ಅದರ ಮೇಲೆ ಐದು ಬರ್ನರು, ಒಂದು ಖಾಲಿ. ಉರಿ ಅಲ್ಲಾಡುತ್ತದೆಂದು ಫ್ಯಾನ್ ಹಾಕುವಂತಿಲ್ಲ. ಹಳೆಯ ಸೈಕಲ್ಲಿನ ಕಡ್ಡಿಯನ್ನು ಜೇಡಿಮಣ್ಣಿನ ರಾಡಿಯಲ್ಲಿ ಅದ್ದಿ ಒಣಗಿಸಿ ಇಟ್ಟಿರುತ್ತಾರೆ. ಮಣ್ಣಿಲ್ಲದಿದ್ದರೆ ಗಾಜು ಕಡ್ಡಿಗೇ ಕಚ್ಚಿಕೊಂಡು ಬಿಡುತ್ತದೆ. ಎಡಗೈಯಲ್ಲಿ ಆ ಕಡ್ಡಿ, ಬಲಗೈಯಲ್ಲಿ ಗಾಜಿನ ಕಡ್ಡಿ. ಗಾಜಿನ ತುದಿ ಉರಿಯಲ್ಲಿ ಕೆಂಪಗಾಗಿ ಜೋತುಬಿದ್ದಾಗ ಅದನ್ನು ಸೈಕಲ್ ಕಡ್ಡಿಗೆ ಸುತ್ತಬೇಕು, ಸುತ್ತಿದ್ದನ್ನು ತಿರುಗಿಸುತ್ತಲೇ ಇರಬೇಕು. ದುಂಡಗಾದ ಮೇಲೆ ಬಿಸಿ ಬೂದಿ ತುಂಬಿದ ಗಡಿಗೆಯಲ್ಲಿ ಹುಗಿಯಬೇಕು. ಗಡಿಗೆ ಕೆಂಡದ ಮೇಲೆ ಕೂತಿರುತ್ತದೆ. ಮರುದಿನ ತೆಗೆದರೆ ಮಣಿ.

"ಒಂದೆಳೆ ಪಾಕದಂಗೆ ಬಂದಾಗ ಹಿಡೀರಿ" ಎಂದರು ಅಕ್ಕ. ನಾನು ಮಾಡಿದ ಮೈಸೂರುಪಾಕನ್ನು ಒಮ್ಮೆ ಸುತ್ತಿಗೆಯಲ್ಲಿ ಒಡೆದು ಹಂಚಿದ್ದು ನೆನಪಾಯಿತು.

ನನ್ನ ತೊಂದರೆ ಬೇರೆಯೇ ಇತ್ತು. ಆ ನಾಲ್ವರೂ ಮಾತಾಡುತ್ತ ಕೆಲಸ ಮಾಡುತ್ತಾರೆ. ಓಣಿಯ ಸಮಾಚಾರ, ಸಂತೆಯ ತರಕಾರಿ, ಯಾರ ಮನೆಗೆ ಯಾರು ಬಂದರು, ಎಲ್ಲ ಬಾಯಲ್ಲಿ ನಡೆಯುತ್ತಿರುತ್ತದೆ, ಕೈ ತನ್ನಷ್ಟಕ್ಕೆ ತಿರುಗುತ್ತಿರುತ್ತದೆ. ನನಗೆ ಬಾಯಿ ತೆರೆದರೆ ಕೈ ನಿಲ್ಲುತ್ತದೆ. ಇಪ್ಪತ್ತಾರು ವರ್ಷ ಮಾತಾಡುವಾಗ ಎರಡೂ ಕೈಯನ್ನು ಮೇಲೆತ್ತಿ ವಿವರಿಸಿಯೇ ಅಭ್ಯಾಸ. ಬಾಯಿ ಮುಚ್ಚಿಕೊಂಡು ಇರುವುದಂತೂ ಆಗದ ಮಾತು. ಗಾಜು ಬಿಸಿಗೆ ಹಿಗ್ಗುತ್ತದೆ, ಹೊರಗೆ ಬೇಗ ತಣಿದು ಒಳಗೆ ನಿಧಾನ ತಣಿದರೆ ಬಿಗಿತ ಉಂಟಾಗುತ್ತದೆ, ಆ ಬಿಗಿತದಿಂದ ಬಿರುಕು ಬಿಡುತ್ತದೆ ಎಂದು ಮೊದಲ ದಿನವೇ ಪಾಠ ಶುರು ಮಾಡಿದೆ. ನಾಲ್ವರೂ ಉರಿ ಸಣ್ಣ ಮಾಡಿ ಗೌರವದಿಂದ ಕೇಳಿದರು. ನಾನು 'ಬಿರುಕು' ಎನ್ನುವಷ್ಟರಲ್ಲಿ ನನ್ನ ಕೈಯಲ್ಲಿದ್ದ ಮಣಿ ಟಿಕ್ ಎಂದು ಎರಡಾಗಿ ಒಂದು ಹೋಳು ಮೇಜಿನ ಮೇಲೆ ಬಿತ್ತು.

"ಹೌದ್ರಿ, ಹಿಂಗೇ ಆಗ್ತೈತೆ" ಎಂದರು ಸೊಸೆ. ವ್ಯಂಗ್ಯವಿರಲಿಲ್ಲ. ಪಾಠಕ್ಕೆ ಉದಾಹರಣೆ ತೋರಿಸಿದೆನೆಂದೇ ತಿಳಿದುಕೊಂಡಿದ್ದರು.

ಎರಡು ತಿಂಗಳಲ್ಲಿ ನಾನು ಮಾಡಿದ್ದರಲ್ಲಿ ಒಂದೂ ದುಂಡಗಿರಲಿಲ್ಲ. ಕೆಲವು ಹುಣಸೆಬೀಜದ ಹಾಗೆ, ಕೆಲವು ಬೇರುಬಿಟ್ಟ ಈರುಳ್ಳಿಯ ಹಾಗೆ. ಆದರೂ ಸ್ಟಾಫ್ ರೂಮಿನಲ್ಲಿ 'ನಾವು ಮಣಿ ಮಾಡುವವರು' ಎಂದು ಮಾತು ಶುರು ಮಾಡುವಷ್ಟು ಮುಂದುವರಿದಿದ್ದೆ.

ಆ ಹೊತ್ತಿಗೆ ಸವಳಂಗದ ಕಡೆಯ ಒಂದು ತಾಂಡಾದಿಂದ ಬೇಡಿಕೆ ಬಂತು. ಅಲ್ಲಿಯ ಲಂಬಾಣಿ ಹೆಂಗಸರ ಕಸೂತಿ ಗುಂಪೊಂದು ಹಲವು ವರ್ಷದಿಂದ ಅಕ್ಕನ ಬಳಿ ಮಣಿ ಕೊಳ್ಳುತ್ತಿತ್ತು. ಈ ಸಲ ಗುಂಪಿನ ಹಿರಿಯಜ್ಜಿಯ ಮೊಮ್ಮಗಳ ಮದುವೆ. ಲಂಗದ ಅಂಚಿಗೆ, ಓಢಣಿಯ ಕುಚ್ಚಿಗೆ ನೀಲಿಯವು, ಬಿಳಿಯವು ಸೇರಿ ನಾನೂರು ಮಣಿ ಬೇಕಿತ್ತು. ಕೆಲಸ ಅರ್ಧ ಮುಗಿದಾಗ ಅಕ್ಕನ ತಂಗಿಗೆ ಹುಷಾರಿಲ್ಲವೆಂದು ನ್ಯಾಮತಿಯಿಂದ ಫೋನ್ ಬಂತು. ಅಕ್ಕ ಅಲ್ಲಿಗೆ ಹೋಗಿ ಒಂದು ವಾರ ಉಳಿಯಬೇಕಾಯಿತು. ಹೋಗುವಾಗ ಸೊಸೆಗೆ, "ಬೂದಿ ಗಡಿಗೆ ಒಂದೇ ಐತೆ. ಎಷ್ಟು ಹಿಡಿಸ್ತೈತೋ ಅಷ್ಟೇ ಮಾಡ್ರಿ. ಅವಸರ ಮಾಡಬ್ಯಾಡ್ರಿ" ಎಂದು ಹೇಳಿಹೋಗಿದ್ದರು.

ನಮಗೆ ಶಾಲೆಯಲ್ಲಿ ದಸರಾ ರಜೆ. ನಾನು ದಿನವೂ ಹೊನ್ನಾಳಿಗೆ ಹೋಗತೊಡಗಿದೆ. ಗಡಿಗೆಯ ಲೆಕ್ಕದಲ್ಲಿ ಹೋದರೆ ಮಣಿ ಮುಗಿಯುವುದು ತಡವಾಗುತ್ತದೆ ಅನ್ನಿಸಿತು. ಯಾರಿಗೂ ಅನ್ನಿಸಿರಲಿಲ್ಲ, ನನಗೆ ಅನ್ನಿಸಿತು. ನಮ್ಮ ಮನೆಯಲ್ಲಿ ಒಂದು ಎಲೆಕ್ಟ್ರಿಕ್ ಓವನ್ ಇದೆ. ಕೊಂಡ ವರ್ಷ ಅದರಲ್ಲಿ ಒಂದು ಕೇಕ್ ಮಾಡಿದ್ದೆ, ಆಮೇಲೆ ಅದರ ಮೇಲೆ ಉಪ್ಪಿನಕಾಯಿ ಜಾಡಿ ಇಡುತ್ತಿದ್ದೆವು. ನಿಧಾನವಾಗಿ ತಣಿಯುವುದು ತಾನೆ ಮುಖ್ಯ, ಅದಕ್ಕೆ ಬೂದಿಯೇ ಯಾಕೆ ಬೇಕು, ಬಿಸಿಯನ್ನು ಗುಂಡಿ ತಿರುಗಿಸಿ ಹಂತಹಂತವಾಗಿ ಇಳಿಸಬಹುದಲ್ಲ ಎಂದು ಸೊಸೆಗೆ ವಿವರಿಸಿದೆ. ಗಾಜಿನ ಬಿಗಿತ ಸಡಿಲವಾಗಲು ಬೇಕಾದ ಬಿಸಿಯ ಅರ್ಧವನ್ನೂ ಅಡುಗೆಮನೆಯ ಓವನ್ ಕೊಡುವುದಿಲ್ಲ ಎನ್ನುವುದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿದ್ದೂ, ಏನೂ ಆಗಲಿಕ್ಕಿಲ್ಲ ಎಂದುಕೊಂಡೆ. ಇದೇ ತಪ್ಪನ್ನು ಒಬ್ಬ ವಿದ್ಯಾರ್ಥಿ ಉತ್ತರಪತ್ರಿಕೆಯಲ್ಲಿ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆಯುತ್ತಿದ್ದೆ.

ಸೊಸೆ, "ಅತ್ತೆ ಬರಲಿ ಮೇಡಂ, ಕೇಳಿ ಮಾಡಾನ" ಎಂದರು.

"ಅತ್ತೆಗೆ ನಾನು ಹೇಳ್ತೀನಿ. ನೀವು ಸುಮ್ಮನಿರಿ" ಎಂದೆ.

ಶಾಲೆಯ ಮೇಡಂ ಸುಮ್ಮನಿರಿ ಎಂದರೆ ಯಾರಾದರೂ ಸುಮ್ಮನಿರುತ್ತಾರೆ. ಮರುದಿನ ಓವನನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸು ಹತ್ತಿದೆ. ಕಂಡಕ್ಟರು, "ಟಿವಿನಾ ಮೇಡಂ?" ಎಂದು ಕೇಳಿದ. ಓವನ್ ಎಂದೆ. "ಹೊನ್ನಾಳ್ಯಾಗೆ ಕೇಕ್ ಸಿಗ್ತಾವಲ್ಲ" ಎಂದ.

ಮೂರು ದಿನದಲ್ಲಿ ಉಳಿದ ಮಣಿಯೆಲ್ಲ ಮುಗಿದವು. ಮಾಡಿದ್ದು ಸೊಸೆ ಮತ್ತು ಓರಗಿತ್ತಿಯರು. ನಾನು ಓವನಿನ ಗುಂಡಿ ತಿರುಗಿಸಿದೆ. ಎರಡನೇ ದಿನ ಕರೆಂಟ್ ಹೋಗಿ ಒಂದು ಗಂಟೆ ಬರಲಿಲ್ಲ, ನಾನು ಬಾಗಿಲು ತೆರೆದು ತೆರೆದು ನೋಡಿದೆ. ಮಣಿಗಳು ಒಂದೂ ಒಡೆದಿರಲಿಲ್ಲ. ನೀಲಿಯವು ಮಿರುಗುತ್ತಿದ್ದವು. ನಾನೇ ತಾಂಡಾಕ್ಕೆ ಕೊಟ್ಟುಬರುತ್ತೇನೆಂದು ಎರಡು ಡಬ್ಬಿಯಲ್ಲಿ ತುಂಬಿಸಿಕೊಂಡೆ. ಒಂದರಲ್ಲಿ ಅಕ್ಕ ಇದ್ದಾಗ ಬೂದಿಯಲ್ಲಿ ತಣಿದವು, ಇನ್ನೊಂದರಲ್ಲಿ ನನ್ನವು. ಅಂದರೆ ನನ್ನ ಓವನಿನವು.

ಸವಳಂಗದಲ್ಲಿ ಇಳಿದಾಗ ಅಜ್ಜಿಯ ಮಗ ಬೈಕ್ ತಂದು ನಿಂತಿದ್ದ. ಎರಡೂ ಬದಿ ಮೆಕ್ಕೆಜೋಳದ ಹೊಲದ ನಡುವೆ ತಾಂಡಾಕ್ಕೆ ಹೋದೆವು. ಅಜ್ಜಿ ಮನೆಯ ಮುಂದಿನ ಕಟ್ಟೆಯ ಮೇಲೆ ಮದುವೆಯ ಲಂಗ ಹರಡಿಕೊಂಡು ಕೂತಿದ್ದರು. ಅವರ ಸುತ್ತ ಐದಾರು ಹೆಂಗಸರು, ಎಲ್ಲರ ಕೈಯಲ್ಲೂ ಸೂಜಿ. ಲಂಗದ ಮೇಲೆ ಬೆರಳ ತುದಿ ಇಡುವಷ್ಟೂ ಜಾಗ ಬಿಡದೆ ಕನ್ನಡಿ, ಕವಡೆ ಹೊಲಿದಿದ್ದರು. ನನಗೆ ಚಾಪೆ ಹಾಕಿ ನೀರು ಕೊಟ್ಟರು. ನಾನು ಡಬ್ಬಿ ತೆರೆಯುವ ಮೊದಲು ಓವನಿನ ಬಗ್ಗೆ ಸ್ವಲ್ಪ ಹೇಳಿದೆ. ವೈಜ್ಞಾನಿಕ ಎಂಬ ಪದವನ್ನು ಬಳಸಿದ್ದು ಚೆನ್ನಾಗಿ ನೆನಪಿದೆ.

ಅಜ್ಜಿ ನನ್ನ ಡಬ್ಬಿಯಿಂದ ಒಂದು ಹಿಡಿ ನೀಲಿ ಮಣಿ ಮಡಿಲಿಗೆ ಸುರಿದುಕೊಂಡು, ಒಂದಕ್ಕೆ ಸೂಜಿ ತೂರಿಸಿ ದಾರ ಎಳೆದರು. ಟಿಕ್ ಎಂದಿತು. ಮಣಿ ಎರಡು ಹೋಳಾಯಿತು. ಇನ್ನೊಂದು ತೆಗೆದರು. ಅದು ಗಟ್ಟಿಯಾಗಿತ್ತು. ಮೂರನೆಯದು ಟಿಕ್. ಯಾರೂ ಮುಟ್ಟದೆ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದ ಒಂದು, ತನ್ನಷ್ಟಕ್ಕೆ ತಾನೇ ಟಿಕ್ ಎಂದಿತು. ಹೆಂಗಸರು ಹೊಲಿಯುವುದನ್ನು ನಿಲ್ಲಿಸಿದರು. ಕಾರಣ ಬಲ್ಲವಳು ಅಲ್ಲಿ ನಾನೊಬ್ಬಳೇ. ಅಜ್ಜಿ ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. ಮುಚ್ಚಳದೊಳಗಿಂದಲೂ ಒಂದು ಸಲ ಕೇಳಿಸಿತು.

"ಈಗ ಒಡೆದದ್ದೇ ಒಳ್ಳೇದು" ಎಂದರು ಅಜ್ಜಿ. "ಮದುವ್ಯಾಗೆ ಹುಡುಗಿ ಕುಣಿಯಾಕೆ ನಿಂತಾಗ ಒಡೆದಿದ್ರೆ, ಬರಿಗಾಲಾಗೆ ಇರ್ತಾಳೆ. ಚೂರು ಹೊಕ್ಕಿದ್ರೆ?"

ನನಗೆ ಆ ಯೋಚನೆಯೇ ಬಂದಿರಲಿಲ್ಲ. ಕರಗುವ ಬಿಂದು, ಹಿಗ್ಗುವ ಪ್ರಮಾಣ ಎಲ್ಲ ಬಂದಿತ್ತು. ಮದುವಣಗಿತ್ತಿಯ ಪಾದ ಬಂದಿರಲಿಲ್ಲ.

ಮಡಿಲಲ್ಲಿದ್ದ ಚೂರುಗಳನ್ನು ಆರಿಸಿ ತೆಗೆಯುತ್ತ ಅಜ್ಜಿ ಕೇಳಿದರು, "ನೀವು ಸಾಲ್ಯಾಗೆ ಏನು ಕಲಸ್ತೀರಿ?"

"ವಿಜ್ಞಾನ."

"ಅದ್ರಾಗೆ ಗಾಜಿನ ಪಾಠ ಐತೆನು?"

"ಇದೆ" ಎಂದೆ.

ಅಜ್ಜಿ ಎದ್ದು ಒಳಗೆ ಹೋಗಿ ಜೋಳದ ರೊಟ್ಟಿ, ಕಾಳುಪಲ್ಯ ತಂದು ಮುಂದಿಟ್ಟರು. ಬೈದಿದ್ದರೆ ಎದ್ದು ಬರಬಹುದಿತ್ತು. ರೊಟ್ಟಿ ಕೊಟ್ಟಿದ್ದರಿಂದ ಕೂತು ತಿನ್ನಬೇಕಾಯಿತು. ಎದುರಿಗೆ ಆ ಹೆಂಗಸರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು.

ಅಲ್ಲಿರುವಾಗಲೇ ಅಕ್ಕನ ಫೋನ್ ಬಂತು. ಮಣಿ ತಲುಪಿದವೋ ಎಂದು ಅಜ್ಜಿಗೆ ಮಾಡಿದ್ದರಂತೆ, ಅಜ್ಜಿ ಫೋನನ್ನು ನನ್ನ ಕೈಗೆ ಕೊಟ್ಟರು. ಒಡೆಯುತ್ತಿವೆ ಎಂದೆ. ಅಕ್ಕನ ಧ್ವನಿ ಬದಲಾಯಿತು. "ಬೂದಿ ತಣ್ಣಗಾಗಾಕೆ ಬಿಟ್ಟಳೇನು ನಮ್ಮ ಹುಡುಗಿ? ಕೆಂಡ ನೋಡ್ಕಳ್ಳಾಕೆ ಹೇಳಿದ್ದೆ. ಬರ್ತೀನಿ, ಅವಳಿಗೆ ಐತೆ."

ಇಲ್ಲಿ ನಾನು ಕೂಡಲೇ ನಿಜ ಹೇಳಿದೆ ಎಂದು ಬರೆಯಲು ಕೈ ಬರುತ್ತಿದೆ. ಹೇಳಲಿಲ್ಲ. ನಾಲ್ಕೈದು ಉಸಿರಿನಷ್ಟು ಹೊತ್ತು ಸುಮ್ಮನಿದ್ದೆ. ಸೊಸೆ ಅತ್ತೆಯಿಂದ ಒಂದು ಮಾತು ಬೈಸಿಕೊಂಡರೆ ಏನು ಮಹಾ, ಮನೆಯೊಳಗಿನ ವಿಷಯ ಮನೆಯೊಳಗೇ ಮುಗಿಯುತ್ತದೆ, ನನ್ನ ಮರ್ಯಾದೆ ಉಳಿಯುತ್ತದೆ ಎನ್ನುವ ಲೆಕ್ಕ ಅಷ್ಟರಲ್ಲೇ ಪೂರ್ತಿ ಮುಗಿಸಿದ್ದೆ. ಅಜ್ಜಿ ನನ್ನನ್ನೇ ನೋಡುತ್ತಿದ್ದರು. ಓವನಿನ ಭಾಷಣ ಕೇಳಿದ್ದವರು ಅವರು. ನನಗೆ ಧೈರ್ಯ ಬಂದದ್ದು ಪ್ರಾಮಾಣಿಕತೆಯಿಂದಲ್ಲ, ಆ ನೋಟದಿಂದ.

"ಅವರದು ತಪ್ಪಿಲ್ಲ ಅಕ್ಕ. ನಾನು ಓವನ್ ತಂದಿದ್ದೆ. ಬೇಡ ಅಂದರು, ನಾನೇ ಕೇಳಲಿಲ್ಲ."

"ಏನು ತಂದಿದ್ರಿ?"

"ಓವನ್. ಕೇಕ್ ಮಾಡೋದು."

ಅಕ್ಕ, "ಅಜ್ಜಿಗೆ ಕೊಡ್ರಿ ಫೋನು" ಎಂದರು. ಅವರಿಬ್ಬರೂ ಮದುವೆಯ ದಿನ ಲೆಕ್ಕಹಾಕಿ, ಇನ್ನೂ ಹದಿನೆಂಟು ದಿನ ಇದೆ, ಮಾಡಿಕೊಡುತ್ತೇನೆ ಎಂದು ಅಕ್ಕ, ಆಗಲಿ ಎಂದು ಅಜ್ಜಿ ಒಪ್ಪಿಕೊಂಡರು. ಬೂದಿಯಲ್ಲಿ ತಣಿದ ಡಬ್ಬಿ ಮಾತ್ರ ಅಲ್ಲಿ ಉಳಿಯಿತು. ನನ್ನ ಡಬ್ಬಿ ನನ್ನ ಜೊತೆ ವಾಪಸು ಬಂತು, ದಾರಿಯುದ್ದಕ್ಕೂ ಮಾತಾಡುತ್ತ.

ಮರುದಿನ ಅಕ್ಕ ಹೊನ್ನಾಳಿಗೆ ಬಂದರು. ನಾನೂ ಹೋದೆ. ಬೈಯಲಿಲ್ಲ. ಬರ್ನರಿನ ಮುಂದೆ ಕೂರಲು ಹೋದ ನನ್ನ ಕೈಯಿಂದ ಗಾಜಿನ ಕಡ್ಡಿಯನ್ನು ಮೆಲ್ಲಗೆ ತೆಗೆದುಕೊಂಡು, ಮೂಲೆಯಲ್ಲಿದ್ದ ಮಣ್ಣಿನ ಬೋಗುಣಿ ತೋರಿಸಿದರು. "ನೀವು ಕಡ್ಡಿ ಮೆತ್ರಿ."

ಕಡ್ಡಿ ಮೆತ್ತುವುದೆಂದರೆ ಸೈಕಲ್ ಕಡ್ಡಿಯನ್ನು ರಾಡಿಯಲ್ಲಿ ಅದ್ದಿ ಬಿಸಿಲಿಗೆ ನೆಡುವುದು. ಓಣಿಯ ಯಾರು ಬೇಕಾದರೂ ಮಾಡುವ ಕೆಲಸ. ನನಗೆ ಅದೂ ಬರಲಿಲ್ಲ. ದಪ್ಪ ಮೆತ್ತಿದೆ, ಮಣಿಯ ತೂತು ದೊಡ್ಡದಾಯಿತು. ತೆಳ್ಳಗೆ ಮೆತ್ತಿದೆ, ಮಣಿ ಕಡ್ಡಿಗೇ ಹಿಡಿದುಕೊಂಡು ಬರಲಿಲ್ಲ. ಸೊಸೆ ಎದ್ದು ಬಂದು ನನ್ನ ಮಣಿಕಟ್ಟು ಹಿಡಿದು ಎಷ್ಟು ಹೊತ್ತು ಅದ್ದಬೇಕು, ಎತ್ತುವಾಗ ಹೇಗೆ ತಿರುವಬೇಕು ಎಂದು ತೋರಿಸಿದರು. ನಾನು ಸುಮ್ಮನಿರಿ ಎಂದಿದ್ದು ಇವರಿಗೇ. "ಹಿಂದಿನ ವಾರ ನಿಮ್ಮ ಮಾತು ಕೇಳಬೇಕಿತ್ತು" ಎಂದೆ.

"ಹೋಗ್ಲಿ ಬಿಡ್ರಿ. ಕಡ್ಡಿ ನೋಡ್ರಿ, ಸೋರ್ತೈತೆ" ಎಂದರು.

ಹತ್ತು ದಿನ ಆ ನಾಲ್ವರೂ ಕೂತರು. ರಜೆ ಮುಗಿದ ಮೇಲೂ ನಾನು ಸಾಂದರ್ಭಿಕ ರಜೆ ಹಾಕಿ ಹೋದೆ. ರಜೆಯ ಅರ್ಜಿಯಲ್ಲಿ ಕಾರಣ 'ವೈಯಕ್ತಿಕ' ಎಂದು ಬರೆದೆ. ಮಣ್ಣಲ್ಲಿ ಕಡ್ಡಿ ಅದ್ದಲು ಎಂದು ಬರೆದರೆ ಹೆಡ್‌ಮಾಸ್ಟರು ಬೇರೆ ಏನಾದರೂ ಅಂದುಕೊಳ್ಳುತ್ತಿದ್ದರು. ಮದುವೆಗೆ ಐದು ದಿನ ಇರುವಾಗ ಅಕ್ಕನೇ ಸವಳಂಗಕ್ಕೆ ಹೋಗಿ ಕೊಟ್ಟುಬಂದರು. ನನ್ನನ್ನು ಬನ್ನಿ ಎಂದು ಕರೆಯಲಿಲ್ಲ. ಆದರೆ ಮದುವೆಯಾದ ಮೇಲೆ ಅಜ್ಜಿಯ ಮಗ ಒಂದು ವಿಡಿಯೋ ಕಳಿಸಿದ್ದನ್ನು ಸೊಸೆ ನನಗೆ ತೋರಿಸಿದರು. ಮದುವಣಗಿತ್ತಿ ಗೆಳತಿಯರ ಜೊತೆ ಕುಣಿಯುತ್ತಿದ್ದಳು. ಲಂಗದ ಅಂಚಿನ ನೀಲಿ ಮಣಿಗಳು ಒಂದಕ್ಕೊಂದು ತಾಗಿ ಗಲಗಲ ಎನ್ನುತ್ತಿದ್ದವು. ಎರಡು ಸಲ ನೋಡಿದೆ. ಮೊದಲ ಸಲ ಮಣಿಯನ್ನು, ಎರಡನೇ ಸಲ ಅವಳ ಬರಿಗಾಲನ್ನು.

ಆರು ತಿಂಗಳು ನಾನು ಕಡ್ಡಿ ಮಾತ್ರ ಮೆತ್ತಿದೆ. ಆಮೇಲೆ ಒಂದು ಭಾನುವಾರ ಅಕ್ಕ ತಾವೇ ಒಂದು ಬರ್ನರು ಹಚ್ಚಿ ಸ್ಟೂಲು ಎಳೆದುಕೊಟ್ಟರು. ಅಂದಿನಿಂದ ಬೆಳಿಗ್ಗೆ ಕಡ್ಡಿ ಮೆತ್ತುವುದು, ಊಟದ ನಂತರ ಎರಡು ತಾಸು ಉರಿಯ ಮುಂದೆ. ಪಾಠ ನಿಲ್ಲಿಸಿದ್ದೆ. ಮಣಿ ಒಡೆಯುವುದು ನಿಂತಿತು. ಸೊಟ್ಟಗಾಗುವುದು ನಿಲ್ಲಲಿಲ್ಲ. ಕಪ್ಪು ಗಾಜಿನ ಮೇಲೆ ಬಿಳಿಯ ಚುಕ್ಕಿ ಇಡಲು ಕಲಿಸಿದರು. ನನ್ನ ಚುಕ್ಕಿ ಹರಿದು ಅಡ್ಡಾದಿಡ್ಡಿಯಾಗಿ, ಯಾರೋ ಕಣ್ಣು ಮೆಳ್ಳಗೆ ಮಾಡಿ ನೋಡಿದಂತೆ ಕಾಣುತ್ತಿತ್ತು. ಅವನ್ನೆಲ್ಲ ಅಕ್ಕ ಒಂದು ಹಾರ್ಲಿಕ್ಸ್ ಬಾಟಲಿಗೆ ಹಾಕಿಡುತ್ತಿದ್ದರು. ಮತ್ತೆ ಕರಗಿಸಲು ಎಂದುಕೊಂಡಿದ್ದೆ.

ಮಾರನೇ ವರ್ಷ ಜಗಳೂರಿನಲ್ಲಿ ಮಹಿಳಾ ಸಂಘಗಳ ಒಂದು ಮೇಳ. ಹೈಸ್ಕೂಲ್ ಮೈದಾನದಲ್ಲಿ ಶಾಮಿಯಾನ ಹಾಕಿ ಎಲ್ಲರಿಗೂ ಒಂದೊಂದು ಮೇಜು ಕೊಟ್ಟಿದ್ದರು. ಒಂದು ಕಡೆ ಹಪ್ಪಳ, ಇನ್ನೊಂದು ಕಡೆ ಕಂಬಳಿ, ನಡುವೆ ನಾವು. ನಾನು ಮೂರು ಚಾರ್ಟ್ ಬರೆದುಕೊಂಡು ಹೋಗಿದ್ದೆ. ಗಾಜಿನ ಇತಿಹಾಸ, ಗಾಜಿನ ಸಂಯೋಜನೆ, ಗಾಜಿನ ಉಪಯೋಗಗಳು. ಜಗಳೂರಿನ ಗಾಳಿಗೆ ಮೂರೂ ಹತ್ತು ನಿಮಿಷದಲ್ಲಿ ಹಾರಿದವು. ಇತಿಹಾಸ ಹಪ್ಪಳದವರ ಮೇಲೆ ಹೋಗಿ ಬಿತ್ತು. ಮೈಕಿನವನು ಬಂದು, ಕುಶಲಕರ್ಮಿಗಳ ಪರಿಚಯ ಮಾಡಬೇಕು, ಯಾರು ಯಾರು ಏನೇನು ಮಾಡುತ್ತೀರಿ ಹೇಳಿ ಎಂದ. ಅಕ್ಕ ತಮ್ಮನ್ನು, ಸೊಸೆಯನ್ನು 'ಮಣಿ ಮಾಡೋರು' ಎಂದರು. ನಾನು ಸೆರಗು ಸರಿಮಾಡಿಕೊಂಡೆ.

"ಇವರು ಕಡ್ಡಿ ಮೆತ್ತೋರು" ಎಂದರು ಅಕ್ಕ.

ಮೈಕಿನಲ್ಲಿ ಹಾಗೇ ಸಾರಿದರು. ಊರಿಗೆ ಊರೇ ಕೇಳಿತು. ನಮ್ಮ ಶಾಲೆಯಲ್ಲಿ ಓದಿ ಈಗ ಜಗಳೂರಿನಲ್ಲಿ ನೌಕರಿಯಲ್ಲಿರುವ ಒಬ್ಬ ಹಳೆಯ ವಿದ್ಯಾರ್ಥಿನಿ ಹುಡುಕಿಕೊಂಡು ಬಂದು, "ಮಿಸ್, ಕಡ್ಡಿ ಅಂದ್ರೆ ಊದುಬತ್ತಿನಾ?" ಎಂದು ಕೇಳಿದಳು. ಅಲ್ಲ ಎಂದು ಪೂರ್ತಿ ವಿವರಿಸಿದೆ. ಅವಳ ಮುಖ ನೋಡಿದರೆ ಊದುಬತ್ತಿಯೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆಗಲೇ ಒಬ್ಬ ತಾಯಿ, ಕಂಕುಳಲ್ಲಿ ನಾಲ್ಕೈದು ತಿಂಗಳ ಕೂಸು ಎತ್ತಿಕೊಂಡು, ನಮ್ಮ ಮೇಜಿನೆದುರು ನಿಂತಳು. ಅಕ್ಕನ ದುಂಡನೆಯ ಮಣಿಗಳನ್ನೆಲ್ಲ ನೋಡಿ, ಕೊನೆಗೆ ಹಾರ್ಲಿಕ್ಸ್ ಬಾಟಲಿಯ ಕಡೆ ಬೆರಳು ತೋರಿಸಿದಳು. ಅದನ್ನು ಅಕ್ಕ ತಂದಿದ್ದು ನನಗೆ ಗೊತ್ತೇ ಇರಲಿಲ್ಲ.

"ಇವು ಯಾಕೆ ಹಿಂಗದಾವೆ?"

"ದೃಷ್ಟಿಮಣಿ ಕಣವ್ವ" ಎಂದರು ಅಕ್ಕ, ಒಂದಿಷ್ಟೂ ತಡವರಿಸದೆ. "ದೃಷ್ಟಿಮಣಿ ಚೆಂದ ಇರಬಾರದು. ಇದರ ಮೇಲೆ ಬಿದ್ದ ಕಣ್ಣು ಇಲ್ಲೇ ಸಿಕ್ಕಿಬೀಳ್ತೈತೆ, ಮಗೀನ ಕಡೆ ಹೋಗಾಂಗಿಲ್ಲ."

ಆಕೆ ಬಾಟಲಿಯಿಂದ ಆರಿಸಿ ಆರಿಸಿ ತೆಗೆದಳು. ನಾನು ಮಾಡಿದ್ದರಲ್ಲೇ ಅತಿ ಕೆಟ್ಟದ್ದು, ಒಂದು ಕಡೆ ಮೂಗು ಬಂದಂತಿದ್ದದ್ದು, ಅದನ್ನೇ ಆಯ್ದುಕೊಂಡು ಕೂಸಿನ ಕೈಗೆ ಕರಿದಾರದಲ್ಲಿ ಕಟ್ಟಿಸಿದಳು. ಅವಳನ್ನು ನೋಡಿ ಇನ್ನಿಬ್ಬರು ಬಂದರು. ಮಧ್ಯಾಹ್ನದ ಊಟದೊಳಗೆ ಬಾಟಲಿ ಖಾಲಿ. ಅಕ್ಕನ ದುಂಡು ಮಣಿ ಇನ್ನೂ ಅರ್ಧ ಉಳಿದಿದ್ದವು.

ಮೂಢನಂಬಿಕೆಗಳ ವಿರುದ್ಧ ಪ್ರತಿವರ್ಷ ಶಾಲೆಯಲ್ಲಿ ಕಾರ್ಯಕ್ರಮ ಮಾಡಿಸುವವಳು ನಾನೇ. ಸ್ವಾಗತ ಭಾಷಣವೂ ನನ್ನದೇ. ಅದು ನೆನಪಾಗಿ ಏನಾದರೂ ಹೇಳಬೇಕೆನಿಸಿತು. ಆದರೆ ಆ ಕೂಸು ಮಣಿಯನ್ನು ಬಾಯಿಗೆ ಹಾಕಿಕೊಳ್ಳಲು ನೋಡುತ್ತಿತ್ತು, ತಾಯಿ ಕೈ ಬಿಡಿಸುತ್ತ ನಗುತ್ತಿದ್ದಳು, ಮತ್ತು ಮೊಟ್ಟಮೊದಲ ಸಲ ನನ್ನ ಕೈಯಿಂದಾದ ವಸ್ತುವೊಂದು ಯಾರಿಗೋ ಬೇಕಾಗಿತ್ತು. ಆ ತಾಯಿಗೆ, "ಗಂಟು ಗಟ್ಟಿಯಾಗಿ ಹಾಕು, ನುಂಗೀತು" ಎಂದಷ್ಟೇ ಹೇಳಿದೆ.

ಈಗ ಜಗಳೂರಿನ ಬಾಣಂತಿಯರ ಮನೆಗಳಿಂದ ಅಕ್ಕನಿಗೆ ಫೋನ್ ಬರುತ್ತದೆ. "ಆ ಮೇಡಮ್ಮಾರು ಮಾಡಿದ್ದು ಬೇಕು" ಎನ್ನುತ್ತಾರಂತೆ. ತೊಂದರೆಯೆಂದರೆ ಇತ್ತೀಚೆಗೆ ನನ್ನ ಕೈ ಸ್ವಲ್ಪ ಸುಧಾರಿಸಿದೆ. ಬೇಕೆಂದೇ ಸೊಟ್ಟ ಮಾಡಲು ನೋಡಿದೆ, ಅದು ಬೇಕೆಂದೇ ಮಾಡಿದ ಹಾಗೆ ಕಾಣುತ್ತದೆ. ಹೋದ ಭಾನುವಾರ, ಹಿಂದಿನ ವಾರ ಬೂದಿ ಗಡಿಗೆಯಲ್ಲಿ ತಣಿದ ನನ್ನ ಮಣಿಗಳನ್ನು ಅಕ್ಕ ಅಂಗೈ ಮೇಲೆ ಉರುಳಿಸಿ ನೋಡಿದರು. ಏಳರಲ್ಲಿ ಮೂರು ದುಂಡಗಿದ್ದವು. ನಾನು ಏನಾದರೂ ಹೇಳುತ್ತಾರೆಂದು ಕಾದೆ.

"ಮೂರು ಹಾಳಾದ್ವು" ಎಂದರು. ಆ ಮೂರನ್ನು ತಮ್ಮ ಮಣಿಗಳ ಡಬ್ಬಿಗೆ ಹಾಕಿ, ಉಳಿದ ನಾಲ್ಕನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಜಗಳೂರಿಗೆ ಎಂದು ಬರೆಯಲು ನನ್ನ ಕೈಗೆ ಕೊಟ್ಟರು.